ಹಳೇ ಜೀಪಿನ ಅಹವಾಲು

ಕಟಕ್ ಅಂದರೆ ಕ್ರಾಸು, ಗುಂಯ್ ಅಂದರೆ ಬೇರಿಂಗು ಎಂದು ನಿಂತಲ್ಲೇ ತೀರ್ಪು ಕೊಡುವವರು ಊರಿಗೆ ಹತ್ತು ಜನ. ಆದರೆ ಫೋರ್ ವೀಲ್ ಜೀಪಿನ ಕಾಯಿಲೆ ಸದ್ದಿನ ಬಣ್ಣದಿಂದ ಸಿಗುವುದು ಕಡಿಮೆ, ಸದ್ದು ಬರುವ ಹೊತ್ತಿನಿಂದ ಸಿಗುವುದೇ ಹೆಚ್ಚು. ಗ್ಯಾರೇಜಿನ ದಾರಿ ಹಿಡಿಯುವ ಮುನ್ನ ಮನೆಯಂಗಳದಲ್ಲೇ ಅರ್ಧ ಪತ್ತೇದಾರಿ ಮುಗಿಸಬಹುದು. ಬೇಕಾದದ್ದು ಜಾಕಿ, ಸ್ಟ್ಯಾಂಡು, ಸ್ಪ್ಯಾನರ್, ಗ್ರೀಸ್ ಗನ್ ಮತ್ತು ಒಂದು ತುಂಡು ಸೀಮೆಸುಣ್ಣ.

ಡಿಸೆಂಬರಿನ ಒಂದು ಬೆಳಗ್ಗೆ, ಮೂಡಿಗೆರೆ ಕಡೆಯ ಕಾಫಿ ತೋಟ. ಕಣದ ಮೇಲೆ ಹೊದಿಸಿದ ಟಾರ್ಪಾಲು ಇಬ್ಬನಿಗೆ ಇನ್ನೂ ಒದ್ದೆ. ಕೆಳಗಿನ ತೋಟದಿಂದ ಹಣ್ಣಿನ ಮೂಟೆ ಹೇರಿಕೊಂಡ ಜೀಪೊಂದು ಜಾರುಮಣ್ಣಿನ ಏರನ್ನು ಸಲೀಸಾಗಿ ಹತ್ತಿ ಬಂತು. ಕಣದ ಸಿಮೆಂಟು ನೆಲ ಮುಟ್ಟಿ, ಪಲ್ಪರ್ ಮನೆಯತ್ತ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದೇ ತಡ, ಅಡಿಯಿಂದ ಕಟ್, ಕಟ್, ಕಟಾರ್!

"ಹೋಯ್ತು, ಹೌಸಿಂಗ್ ಹೋಯ್ತು!" ಯಜಮಾನರು ಜಗಲಿಯಿಂದಲೇ ಕೂಗಿದರು.

"ಏನೂ ಆಗಿಲ್ಲ ಗೌಡ್ರೇ, ಫೋರ್ ವೀಲ್ ಬಿಡಿಸೋದು ಮರ್ತೆ" ಎಂದ ಡ್ರೈವರು, ಎರಡು ಮಾರು ಹಿಂದಕ್ಕೆ ತೆಗೆದು ಲಿವರ್ ಎಳೆದ. ಸದ್ದು ನಿಂತಿತು. ಗೌಡರ ಮುಖದ ಗಂಟು ಮಾತ್ರ ಸಡಿಲವಾಗಲಿಲ್ಲ.

ಡ್ರೈವರು ಹೇಳಿದ್ದೇ ಸರಿ. ಹಳೆಯ ಜೀಪಿನಲ್ಲಿ ಫೋರ್ ವೀಲ್ ಲಿವರ್ ಹಾಕಿದೊಡನೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಗಂಟು ಬೀಳುತ್ತವೆ. ಆಮೇಲೆ ಎರಡೂ ಸಮಸಮ ಸುತ್ತಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹೊರಸುತ್ತು ಹಿಡಿಯುತ್ತವೆ. ಆಕ್ಸಲಿನಿಂದ ಆಕ್ಸಲಿಗೆ ಸುಮಾರು 2 ಮೀಟರ್ ಇರುವ ಹಳೆಯ ಸಿಜೆ ಜೀಪು ಬಿಗಿಯಾದ ಅರ್ಧ ಸುತ್ತು ಹೊಡೆಯಿತೆನ್ನಿ. ಹಿಂದಿನ ಆಕ್ಸಲು 5 ಮೀಟರ್ ತ್ರಿಜ್ಯದಲ್ಲಿ ತಿರುಗಿ 15.7 ಮೀಟರ್ ಸಾಗುವಷ್ಟರಲ್ಲಿ ಮುಂದಿನದು 17 ಮೀಟರಿನ ಹತ್ತಿರ ಸಾಗಿರಬೇಕು. ಈ ಒಂದೂಕಾಲು ಮೀಟರಿನ ಬಾಕಿ ಎಲ್ಲಾದರೂ ತೀರಬೇಕಲ್ಲ? ಕೆಸರಿನಲ್ಲಿ ಟಯರು ಜಾರಿ ತೀರಿಸುತ್ತದೆ. ಸಿಮೆಂಟಿನ ಮೇಲೆ ಜಾರಲು ಆಗದು. ಶಾಫ್ಟು, ಆಕ್ಸಲು, ಗೇರಿನ ಹಲ್ಲು ಎಲ್ಲ ಹಿಂಡಿಕೊಂಡು, ತಡೆಯಲಾರದ ಹಂತಕ್ಕೆ ಬಂದಾಗ ಟಯರು ಒಮ್ಮೆಗೇ ಕಿತ್ತು ಜಿಗಿಯುತ್ತದೆ. ಅದೇ ಆ 'ಕಟಾರ್'. ಲಿವರ್ ಕಚ್ಚಿಕೊಂಡು ಕೂರುವುದೂ ಇದರಿಂದಲೇ. ಸ್ವಲ್ಪ ಹಿಂದಕ್ಕೆ ಓಡಿಸಿದರೆ ತಿರುಚು ಬಿಚ್ಚಿ ಲಿವರ್ ಬೆಣ್ಣೆಯಂತೆ ಬರುತ್ತದೆ.

ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿದ ಜೀಪಿನಲ್ಲಂತೂ ನೆಟ್ಟಗಿನ ಡಾಂಬರು ರಸ್ತೆಯಲ್ಲೂ ಇದೇ ಜಗಳ. ಇಂಥ ಜೀಪಿಗೆ ಹೌಸಿಂಗ್ ಬಿಚ್ಚಿಸುವುದು ದುಡ್ಡಿಗೆ ದಂಡ.

### ಯುದ್ಧಕ್ಕೆ ಹುಟ್ಟಿದ್ದು, ತೋಟಕ್ಕೆ ಒಗ್ಗಿದ್ದು

ಈ ಯಂತ್ರದ ಮೂಲ ಎರಡನೇ ಮಹಾಯುದ್ಧ. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರ ನಡುವೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಸೇನೆಗೆ ಕಟ್ಟಿಕೊಟ್ಟವು. 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಉಕ್ಕಿನ ವ್ಯಾಪಾರಕ್ಕೆ ಇಳಿದ ಕಂಪನಿ, ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲೇ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲೇ ಜೋಡಿಸಲು ಹೊರಟಿತು. 1948ರಲ್ಲಿ ಅದರ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಮುಂದೆ ಪೂಷೋ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಬಂತು, ಮೇಜರ್ ಬಂತು. ಇವತ್ತು ಕೊಡಚಾದ್ರಿಯ ಕಲ್ಲುದಾರಿಯಲ್ಲೋ ಮಾಂದಲಪಟ್ಟಿಯ ಏರಿನಲ್ಲೋ ಪ್ರವಾಸಿಗರನ್ನು ಕುಲುಕಿಸಿ ಮೇಲೆ ಸಾಗಿಸುವ ಹಳೆಯ ಜೀಪುಗಳೆಲ್ಲ ಈ ವಂಶದವೇ.

ಮಲೆನಾಡಿನಲ್ಲಿ ಇವುಗಳ ವರ್ಷ ಎರಡು ಹೋಳು. ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟಿಕೊಂಡು ಮೊಣಕಾಲುದ್ದ ಕೆಸರು ತುಳಿಯುವುದು, ಹಳ್ಳ ದಾಟುವುದು. ಮಳೆ ಬಿಟ್ಟಮೇಲೆ ಕೊಯ್ಲಿನ ಭಾರ ಹೊರುವುದು. ಕೆಸರಿನಲ್ಲಿ ಒಳಗೆ ಏನೇ ಸವೆದರೂ ಸದ್ದು ಕೇಳುವುದಿಲ್ಲ. ಮಳೆಯ ಆರ್ಭಟ, ಎಂಜಿನ್ನಿನ ಗದ್ದಲ, ಚೈನಿನ ಝಣಝಣ ಎಲ್ಲವನ್ನೂ ಮುಚ್ಚಿಹಾಕುತ್ತವೆ. ರಸ್ತೆ ಒಣಗಿ ಕಿವಿ ತೆರೆದಾಗ ಒಂದೊಂದೇ ಅಹವಾಲು ಹೊರಬೀಳುತ್ತದೆ. ಜೀಪಿನವರು ಗ್ಯಾರೇಜಿನ ಮುಂದೆ ಸಾಲುಗಟ್ಟುವುದು ಈ ತಿಂಗಳುಗಳಲ್ಲಿಯೇ.

### ಮೊದಲು ಹಬ್ಬು, ಆಮೇಲೆ ಲಿವರು

ಫೋರ್ ವೀಲ್ ಜೀಪಿನ ಅಡಿಯಲ್ಲಿ ತಿರುಗುವ ವಸ್ತುಗಳು ವಿಪರೀತ. ಒಳಗೆ ಕ್ರೌನ್ ಪಿನಿಯನ್ ಗೇರು ಹೊತ್ತ ಎರಡು ಹೌಸಿಂಗು, ಎರಡು ಪ್ರೊಪೆಲ್ಲರ್ ಶಾಫ್ಟು, ಅವುಗಳ ತುದಿಗೆ ನಾಲ್ಕು ಕ್ರಾಸು, ನಡುವೆ ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸು. ಅಡಿಗೆ ತೂರಿ ಎಲ್ಲವನ್ನೂ ಅಲ್ಲಾಡಿಸಿ ನೋಡಿದರೆ ಹಳೇ ಜೀಪಿನಲ್ಲಿ ಎಲ್ಲವೂ ಅಲ್ಲಾಡುತ್ತವೆ. ಹಾಗಾಗಿ ಮೊದಲು ಓಡಿಸಬೇಕು, ಒಂದೊಂದನ್ನೇ ಬದಲಿಸಿ ಕೇಳಬೇಕು.

ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ಬು ಇದ್ದರೆ ನೀವು ಅದೃಷ್ಟವಂತರು. ಹಬ್ಬನ್ನು 'ಫ್ರೀ'ಗೆ ತಿರುಗಿಸಿ, ಟೂ ವೀಲಿನಲ್ಲಿ ಡಾಂಬರಿನ ಮೇಲೆ ಓಡಿಸಿ. ಆಗ ಮುಂದಿನ ಆಕ್ಸಲು, ಹೌಸಿಂಗು, ಶಾಫ್ಟು ಯಾವುದೂ ತಿರುಗುವುದಿಲ್ಲ. ಆಗಲೂ ಸದ್ದು ಬಂದರೆ ಆ ಮೂವರೂ ನಿರ್ದೋಷಿಗಳು. ಈಗ ಇಳಿದು ಹಬ್ಬು 'ಲಾಕ್' ಮಾಡಿ, ಟೂ ವೀಲಿನಲ್ಲೇ ಮತ್ತೆ ಅದೇ ರಸ್ತೆ, ಅದೇ ವೇಗ. ಈ ಬಾರಿ ಚಕ್ರವೇ ಆಕ್ಸಲನ್ನೂ ಶಾಫ್ಟನ್ನೂ ತಿರುಗಿಸುತ್ತದೆ, ಭಾರವಿಲ್ಲದೆ. ಸದ್ದು ಈಗಷ್ಟೇ ಹುಟ್ಟಿತೋ, ಕಳ್ಳ ಮುಂದಿನ ಮನೆಯಲ್ಲಿದ್ದಾನೆ. ಕೊನೆಗೆ ಮಣ್ಣು ರಸ್ತೆಗಿಳಿದು ಫೋರ್ ವೀಲ್ ಹಾಕಿ. ಇಲ್ಲಿಯವರೆಗೆ ಸುಮ್ಮನಿದ್ದು ಭಾರ ಬಿದ್ದ ಮೇಲೆ ಮಾತ್ರ ಕೂಗುವುದಾದರೆ ಮುಂದಿನ ಕ್ರೌನ್ ಪಿನಿಯನ್, ಆಕ್ಸಲ್ ಜಾಯಿಂಟು, ಇಲ್ಲವೇ ಟ್ರಾನ್ಸ್‌ಫರ್ ಕೇಸಿನ ಮುಂಬದಿಯ ಗೇರು.

ಫ್ರೀ ಹಬ್ಬು ಇಲ್ಲದ ಜೀಪಿನಲ್ಲಿ ಇದರ ಅರ್ಧ ಕೆಲಸವನ್ನು ಸ್ಪ್ಯಾನರ್ ಮಾಡುತ್ತದೆ. ಮುಂದಿನ ಶಾಫ್ಟನ್ನೇ ಬಿಚ್ಚಿ ಪಕ್ಕಕ್ಕಿಟ್ಟು ಟೂ ವೀಲಿನಲ್ಲಿ ಓಡಿಸಿದರಾಯಿತು. ಆಕ್ಸಲು, ಹೌಸಿಂಗಿನ ಗೇರು ಆಗಲೂ ಚಕ್ರದೊಂದಿಗೆ ತಿರುಗುತ್ತವೆ, ವಿಚಾರಣೆಯಿಂದ ಹೊರಗುಳಿಯುವುದು ಶಾಫ್ಟು ಮಾತ್ರ. ಬಿಚ್ಚುವ ಮುನ್ನ ಶಾಫ್ಟಿನ ಎರಡೂ ತುಂಡಿನ ಮೇಲೆ ಸೀಮೆಸುಣ್ಣದಿಂದ ಒಂದೇ ನೇರಕ್ಕೆ ಗೀಟು ಎಳೆಯಿರಿ. ಜಾರುವ ತುಂಡನ್ನು ಒಂದೆರಡು ಹಲ್ಲು ತಪ್ಪಿಸಿ ಜೋಡಿಸಿದರೆ ಎರಡೂ ತುದಿಯ ಕ್ರಾಸುಗಳ ಸಾಲು ತಪ್ಪಿ, ಹಿಂದೆಂದೂ ಇಲ್ಲದ ನಡುಕವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಮನೆಯಲ್ಲಿ ರಿಪೇರಿ ಮಾಡಿಕೊಂಡವರ ದೂರುಗಳಲ್ಲಿ ಇದಕ್ಕೆ ಕಾಯಂ ಜಾಗ.

ಇನ್ನು ಟ್ರಾನ್ಸ್‌ಫರ್ ಕೇಸನ್ನು ನಿಂತಲ್ಲೇ ವಿಚಾರಿಸುವ ಉಪಾಯ ಇದೆ. ಸಮತಟ್ಟು ಜಾಗದಲ್ಲಿ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹೈ-ಲೋ ಲಿವರನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ ಚಾಲೂ ಮಾಡಿ ಮಾಮೂಲಿ ಗೇರು ಹಾಕಿ ಕ್ಲಚ್ ಬಿಡಿ. ಜೀಪು ಕದಲುವುದಿಲ್ಲ. ಆದರೆ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸಿನ ಒಳಬರುವ ಗೇರು, ನಡುವಿನ ಗೇರು ತಿರುಗುತ್ತಿರುತ್ತವೆ. ರಸ್ತೆಯಲ್ಲಿ ಕೇಳಿದ ಗುಂಯ್ ಇಲ್ಲೂ ಕೇಳಿದರೆ ಚಕ್ರ, ಶಾಫ್ಟು, ಹೌಸಿಂಗುಗಳ ಚಿಂತೆ ಬಿಡಿ.

ಇಲ್ಲೊಂದು ಮಾತು. ವಿಲ್ಲೀಸ್ ಕಾಲದ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸು ಸ್ವಭಾವತಃ ವಾಚಾಳಿ. ಅದರಲ್ಲಿ ಹಿಂದಿನ ಶಾಫ್ಟು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ಹಾಗಾಗಿ ಹೈನಲ್ಲಿ ಓಡುವಾಗಲೂ ಎಳೆತವೆಲ್ಲ ನಡುಗೇರಿನ ಹಲ್ಲು ದಾಟಿಯೇ ಚಕ್ರ ತಲುಪಬೇಕು. ಹೊಸದಿದ್ದಾಗಲೂ ಅದು ಹಾಡುತ್ತಿತ್ತು. ಕಾರಿನಿಂದ ಇಳಿದು ಮೊದಲ ಸಲ ಜೀಪು ಹತ್ತಿದವರು ಇದನ್ನು ಕಾಯಿಲೆ ಎಂದುಕೊಂಡು ಗಾಬರಿಯಾಗುವುದುಂಟು. ಹಿಂದೆ ಹೇಗಿತ್ತು, ಈಗ ಎಷ್ಟು ಏರಿದೆ ಎಂಬುದಷ್ಟೇ ಗಮನಿಸಬೇಕಾದ್ದು.

■ ಸೀಮೆಸುಣ್ಣದ ಲೆಕ್ಕ
ಹಳೆಯ ವಿಲ್ಲೀಸ್ ಆಕ್ಸಲಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಐದು ಚಿಲ್ಲರೆ ಸುತ್ತು. ಟಯರಿನ ಮೇಲೆ ಸುಣ್ಣದ ಗೀಟು ಎಳೆದು, ಒಬ್ಬರು ನಡಿಗೆಯ ವೇಗದಲ್ಲಿ ಓಡಿಸಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತ ಎಣಿಸಲಿ. ಗೀಟು ಮೇಲೆ ಬಂದಾಗಲೆಲ್ಲ ಒಂದೇ 'ಟಕ್' ಬಂದರೆ ಚಕ್ರ, ಹಬ್ಬು ಅಥವಾ ಬ್ರೇಕ್ ಡ್ರಮ್ಮಿನದು. ಒಂದು ಸುತ್ತಿಗೆ ಐದಾರು ಸಲ ಬಂದರೆ ಶಾಫ್ಟು ಅಥವಾ ಪಿನಿಯನ್ನಿನದು. ಮಾದರಿಯಿಂದ ಮಾದರಿಗೆ ಹಲ್ಲಿನ ಲೆಕ್ಕ ಬೇರೆ ಇದ್ದೀತು, ಉಪಾಯ ಅದೇ.

### ಕಾಲಿನ ಒತ್ತಡ ಹೇಳುವ ಗುಟ್ಟು

ಜಾಗ ಗೊತ್ತಾದ ಮೇಲೆ ಆಕ್ಸಿಲರೇಟರಿನ ಸರದಿ. 40 ಕಿ.ಮೀ. ವೇಗದಲ್ಲಿ ಗುಂಯ್‌ಗುಡುತ್ತಿರುವ ಜೀಪಿನ ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಒಮ್ಮೆ ಪೂರ್ತಿ ಬಿಟ್ಟು ಕೇಳಿ. ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಅಥವಾ ಮೌನ ಎಂದಾದರೆ ಕ್ರೌನ್ ಪಿನಿಯನ್ ಅಥವಾ ಪಿನಿಯನ್ನಿನ ಬೇರಿಂಗಿನ ಮೇಲೆ ಅನುಮಾನ. ಹಲ್ಲಿನ ಒಂದು ಮಗ್ಗುಲು ಎಳೆಯುವಾಗ, ಇನ್ನೊಂದು ಮಗ್ಗುಲು ತಡೆಯುವಾಗ ಕೆಲಸ ಮಾಡುತ್ತದೆ. ಸವೆದ ಮಗ್ಗುಲೇ ಕೂಗುವುದು.

ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್, ಬರೀ ವೇಗಕ್ಕೆ ತಕ್ಕಂತೆ ಏರಿಳಿತ? ಅದು ಚಕ್ರದ ಬೇರಿಂಗು ಇರಬಹುದು, ಟಯರೂ ಇರಬಹುದು. ಅಗಲ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ಹಾವಿನ ನಡೆಯಲ್ಲಿ ಓಡಿಸಿ. ಎಡಕ್ಕೆ ತಿರುಗಿದಾಗ ಸದ್ದು ಜೋರಾದರೆ ಭಾರ ಬಿದ್ದಿರುವುದು ಬಲಗಡೆ, ಸಾಮಾನ್ಯವಾಗಿ ಬೇರಿಂಗ್ ಹೋಗಿರುವುದೂ ಬಲಗಡೆಯದೇ. ಡಾಂಬರಿನಲ್ಲಿ ಜೋರಾಗಿ ಮಣ್ಣಿನಲ್ಲಿ ಮಾಯವಾದರೆ ಟಯರು. ದೊಡ್ಡ ಕಟ್ಟೆಯ ಮಡ್ ಟಯರು ಹಾಕಿಸಿಕೊಂಡು, ಆಮೇಲೆ ಹೌಸಿಂಗ್ ಕೂಗುತ್ತಿದೆ ಎಂದು ಬರುವ ಗಿರಾಕಿಗಳಿಂದಲೇ ಎಷ್ಟೋ ಮೆಕ್ಯಾನಿಕ್‌ಗಳ ಚಹಾ ಖರ್ಚು ನಡೆಯುತ್ತದೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿ ಮಣ್ಣಿನ ಮೇಲೆ ಫೋರ್ ವೀಲಿನಲ್ಲಿ ಹೊರಟಾಗ ಮುಂದಿನ ಚಕ್ರದ ಬಳಿ ಟಕಟಕ ಬಂದರೆ, ಆಕ್ಸಲಿನ ತುದಿಯಲ್ಲಿ ಅಡಗಿರುವ ಜಾಯಿಂಟು ಸವೆದಿದೆ. ನೆಟ್ಟಗೆ ಓಡುವಾಗ ಅದು ಬಾಯಿಬಿಡುವುದೇ ಇಲ್ಲ.

ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿದಾಗ ಬರುವ ಒಂದೇ ಒಂದು 'ಕಟಕ್' ಇದೆಯಲ್ಲ, ಅದಕ್ಕೆ ವಾರಸುದಾರರು ಬಹಳ. ಕ್ರಾಸಿನ ಸವೆತ, ಒಣಗಿದ ಸ್ಪ್ಲೈನು, ಪಿನಿಯನ್ ನಟ್ಟಿನ ಸಡಿಲ, ಟ್ರಾನ್ಸ್‌ಫರ್ ಕೇಸಿನ ಹರಿದ ರಬ್ಬರು, ಸ್ಪ್ರಿಂಗ್ ಪ್ಲೇಟಿನ ಯು ಬೋಲ್ಟು. ಕೊನೆಯದನ್ನು ಮೊದಲು ನೋಡಿ. ಸ್ಪ್ಯಾನರ್ ಹಾಕಿ ಬಿಗಿ ನೋಡಲು ಕಾಸು ಖರ್ಚಿಲ್ಲ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದು. ಸೀಟಿನ ಪಕ್ಕ ಗಲಗಲ ಅನ್ನುವಾಗ ಫೋರ್ ವೀಲಿನ ಎರಡು ಲಿವರುಗಳ ಮೇಲೆ ಅಂಗೈ ಇಟ್ಟು ಒತ್ತಿ. ಸದ್ದು ನಿಂತರೆ ಲಿವರಿನ ಬುಡ ಸವೆದಿದೆ, ಅಷ್ಟೇ. ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು ಎಂದು ಎಸ್ಟಿಮೇಟ್ ಕೊಟ್ಟವರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

### ಜೀಪಿನ ಅಡಿಯಲ್ಲಿ

ಈಗ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಬಹುದು. ಎಂಜಿನ್ ಬಂದ್, ಚಕ್ರಕ್ಕೆ ಕಲ್ಲು. ಶಾಫ್ಟನ್ನು ಕ್ರಾಸಿನ ಪಕ್ಕದಲ್ಲೇ ಎರಡೂ ಕೈಯಲ್ಲಿ ಹಿಡಿದು ಆಚೀಚೆ ತಿರುಚಿ. ಇಡೀ ಶಾಫ್ಟು ಸ್ವಲ್ಪ ತಿರುಗಿ ನಿಲ್ಲುವುದು ಗೇರಿನ ಹಲ್ಲುಗಳ ನಡುವಿನ ಸಹಜ ಪ್ಲೇ. ಕ್ರಾಸಿನ ಒಂದು ಮಗ್ಗುಲು ತಿರುಗಿ, ಇನ್ನೊಂದು ಮಗ್ಗುಲು ತಡವಾಗಿ ಹಿಂಬಾಲಿಸಿದರೆ ಕ್ರಾಸೇ ಅಪರಾಧಿ.

ಕಣ್ಣಿಗೂ ಸಾಕ್ಷಿ ಸಿಗುತ್ತದೆ. ಕ್ರಾಸಿನ ನಾಲ್ಕು ಬಟ್ಟಲುಗಳ ಅಂಚನ್ನು ಟಾರ್ಚ್ ಬಿಟ್ಟು ನೋಡಿ. ಕರಿ ಗ್ರೀಸು ಒಸರಿದ್ದರೆ ಒಳ್ಳೆಯದು. ಅಂಚಿನ ಸುತ್ತ ಕಾವಿ ಬಣ್ಣದ ನುಣ್ಣನೆ ಪುಡಿ ಕೂತಿದ್ದರೆ ಒಳಗೆ ಗ್ರೀಸು ತೊಳೆದುಹೋಗಿ, ಸೂಜಿಯಂಥ ಬೇರಿಂಗುಗಳು ತುಕ್ಕಿನಲ್ಲಿ ಅರೆಯುತ್ತಿವೆ ಎಂದರ್ಥ. ನಿಧಾನಕ್ಕೆ ಓಡುವಾಗ ಹಕ್ಕಿ ಚಿಲಿಪಿಲಿ ಎಂದಂತೆ ಕೇಳಿ, ವೇಗ ಹೆಚ್ಚಿದಂತೆ ಚುರುಕಾಗುವ ಕಿರಿಕಿರಿ ಇದರದೇ. ಗ್ರೀಸ್ ಗನ್ ಹಚ್ಚಿ ಒತ್ತುತ್ತ ಹೋಗಿ. ನಾಲ್ಕೂ ಬಟ್ಟಲಿನಿಂದ ಹಳೆಯ ಗ್ರೀಸು ಹೊರಬಂದು ಹೊಸದು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದರಿಂದಲೇ ಕ್ರಾಸು ಸಾಯುತ್ತದೆ. ಪುಡಿ ಕಂಡ ಮೇಲೆ ಗ್ರೀಸು ಹೊಡೆದರೆ ಕಿರಿಕಿರಿ ಒಂದಷ್ಟು ದಿನ ಅಡಗುತ್ತದೆ, ಸವೆದ ಉಕ್ಕು ಬೆಳೆದು ಬರುವುದಿಲ್ಲ.

ಮುಂದಿನ ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಮನೆಯವರನ್ನು ಕರೆದು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಪ್ಲೇ ಮಾಯವಾದರೆ ಚಕ್ರದ ಬೇರಿಂಗು ಸಡಿಲ. ಹಾಗೇ ಉಳಿದರೆ ಕಿಂಗ್ ಪಿನ್. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಇದ್ದರೆ ಸ್ಟೇರಿಂಗ್ ರಾಡಿನ ತುದಿಗಳನ್ನು ನೋಡಿ. ಬೇರಿಂಗ್ ಒರಟಾಗಿದೆಯೇ ಎಂದು ತಿಳಿಯಲು ಕಿವಿಗಿಂತ ಕೈ ಮೇಲು. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದನ್ನು ಸ್ಪ್ರಿಂಗ್ ಪ್ಲೇಟಿನ ಮೇಲಿಡಿ. ಹುಳುಕು ಬಿದ್ದ ಬೇರಿಂಗು ಮರಳು ತುಳಿದಂತೆ ಬೆರಳಿಗೆ ತಾಗುತ್ತದೆ.

■ ಹ್ಯಾಂಡ್‌ಬ್ರೇಕ್ ನಂಬಬೇಡಿ
ಹಳೆಯ ವಿಲ್ಲೀಸ್ ವಿನ್ಯಾಸದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು. ಹಿಂದಿನ ಒಂದೇ ಚಕ್ರ ಎತ್ತಿದರೆ ಎತ್ತಿದ್ದು ಗಾಳಿಯಲ್ಲಿ ತಿರುಗಿ, ನೆಲದಲ್ಲಿರುವುದು ಉರುಳಬಹುದು. ಹಿಂದಿನ ಶಾಫ್ಟು ಬಿಚ್ಚಿದರಂತೂ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲ, ಗೇರಿನಲ್ಲಿ ಬಿಟ್ಟರೂ ಹಿಂದಿನ ಚಕ್ರಕ್ಕೆ ಹಿಡಿತವಿಲ್ಲ. ಚಕ್ರಕ್ಕೆ ಕಲ್ಲು, ಆಕ್ಸಲಿನ ಅಡಿಗೆ ಸ್ಟ್ಯಾಂಡು ಕಡ್ಡಾಯ. ಬರೀ ಜಾಕಿಯ ಮೇಲೆ ನಿಂತ ಜೀಪಿನ ಅಡಿಗೆ ತಲೆ ಹಾಕಬೇಡಿ, ಎಂಜಿನ್ ಓಡುತ್ತಿರುವಾಗ ಶಾಫ್ಟಿನ ಹತ್ತಿರ ಕೈಯನ್ನೂ ಲುಂಗಿಯನ್ನೂ ಒಯ್ಯಬೇಡಿ. ಅಂದಹಾಗೆ, ಈ ಡ್ರಮ್ಮಿನೊಳಗೆ ಕೆಸರು ಕೂತು ಉಜ್ಜುವ ಸದ್ದನ್ನೂ ಹಲವರು ಗೇರ್‌ಬಾಕ್ಸಿನದೆಂದು ತಿಳಿಯುತ್ತಾರೆ.

### ಆಯಿಲಿನ ಸಾಕ್ಷ್ಯ

ಹೌಸಿಂಗಿನ ಆಯಿಲ್ ನೋಡುವಾಗ ಮೊದಲು ಮೇಲಿನ ಬಿರಡೆ, ಆಮೇಲೆ ಕೆಳಗಿನದು. ಇದನ್ನು ತಿರುವುಮುರುವು ಮಾಡಿ ಎಲ್ಲ ಆಯಿಲ್ ಇಳಿಸಿದ ಮೇಲೆ, ತುಂಬುವ ಬಿರಡೆ ತುಕ್ಕು ಹಿಡಿದು ಬಿಚ್ಚಲೇ ಬಾರದೆ ಹೋದರೆ ಜೀಪು ಅಂಗಳದಲ್ಲೇ ಠಿಕಾಣಿ. ಮೇಲಿನ ತೂತಿಗೆ ಬೆರಳು ಹಾಕಿದಾಗ ತುದಿಗೆ ಆಯಿಲ್ ತಾಗಬೇಕು.

ತೆಗೆದ ಆಯಿಲನ್ನು ಬಿಳಿ ಬಟ್ಟಲಿಗೆ ಹಿಡಿದು ಬಿಸಿಲಿಗೆ ಒಡ್ಡಿ. ಕಪ್ಪಾಗಿದ್ದರೆ ವಯಸ್ಸು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು. ಓಡಿ ಬಿಸಿಯಾದ ಹೌಸಿಂಗು ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸವೆದ ಸೀಲಿನ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಸೀಲು ಬದಲಿಸಿ ಬ್ರೀದರ್ ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಾಫಿ.

ಬೆರಳುಗಳ ನಡುವೆ ಉಜ್ಜಿದಾಗ ಮಿನುಗುವ ಸಣ್ಣ ಪುಡಿ ಎಲ್ಲ ಹಳೆಯ ಗೇರಿನಲ್ಲೂ ಇರುತ್ತದೆ. ಚೂರು ಸಿಕ್ಕಿದರೆ ಜೀಪು ಓಡಿಸಬಾರದು. ಟ್ರಾನ್ಸ್‌ಫರ್ ಕೇಸಿನ ಆಯಿಲಿನಲ್ಲಿ ಹಿತ್ತಾಳೆ ಬಣ್ಣದ ಹೊಳಪು ಕಂಡರೆ ನಡುಗೇರಿನ ಪಕ್ಕದ ಕಂಚಿನ ವಾಷರು ತೆಳ್ಳಗಾಗುತ್ತಿದೆ. ಜೀಪು ಲೋನಲ್ಲಿ ಇಳಿಜಾರು ಇಳಿಯುವಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರುವುದಕ್ಕೂ ಇಂಥ ಸವೆತ ಒಂದು ಕಾರಣ. ಘಟ್ಟದ ಇಳಿಜಾರಿನಲ್ಲಿ ಗೇರು ಹಾರಿದರೆ ಎಂಜಿನ್ನಿನ ತಡೆ ತಪ್ಪಿ ಜೀಪು ಬಿಡುಗಡೆಯಾಗುತ್ತದೆ. ಈ ಒಂದು ದೂರಿಗೆ 'ಮುಂದಿನ ವಾರ ನೋಡೋಣ' ಎನ್ನುವಂತಿಲ್ಲ.

ಟ್ರಾನ್ಸ್‌ಫರ್ ಕೇಸಿನಲ್ಲಿ ಆಯಿಲ್ ಹೆಚ್ಚಾಗಿದ್ದು ಗೇರ್‌ಬಾಕ್ಸಿನಲ್ಲಿ ಕಡಿಮೆಯಾಗಿದ್ದರೂ ಆಶ್ಚರ್ಯಪಡಬೇಡಿ. ಹಳೆಯ ಜೀಪುಗಳಲ್ಲಿ ಇವೆರಡರ ನಡುವೆ ಆಯಿಲ್ ನುಸುಳುವುದು ಮಾಮೂಲು. ಹೊರಗೆ ಒಂದು ತೊಟ್ಟೂ ಸೋರದೆ ಗೇರ್‌ಬಾಕ್ಸು ಒಣಗಿ ಕೂಗಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡಬೇಕು.

ಫೋರ್ ವೀಲಿನ ಅರ್ಧ ಕಾಯಿಲೆ ಬಳಸದೇ ಇರುವುದರಿಂದ ಬರುವಂಥದ್ದು ಎಂಬುದು ನನ್ನ ಅನಿಸಿಕೆ. ಮಳೆ ಬಿಟ್ಟ ದಿನ ಹಬ್ಬು ಫ್ರೀ ಮಾಡಿ ಲಿವರ್ ಎಳೆದವರು ಮತ್ತೆ ಹಾಕುವುದು ಮುಂದಿನ ಜೂನಿನಲ್ಲಿ. ಅಲ್ಲಿಯವರೆಗೆ ಹಬ್ಬಿನೊಳಗೆ, ಆಕ್ಸಲ್ ಜಾಯಿಂಟಿನೊಳಗೆ ಆಯಿಲ್ ಆಡುವುದಿಲ್ಲ. ತಿಂಗಳಿಗೊಮ್ಮೆ ತೋಟದ ಮಣ್ಣುದಾರಿಯಲ್ಲಿ ಒಂದೆರಡು ಕಿ.ಮೀ. ಫೋರ್ ವೀಲ್ ಹಾಕಿ ಓಡಿಸಿದರೆ ಲಿವರಿಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

### ಗ್ಯಾರೇಜಿಗೆ ಹೋಗುವಾಗ

ಕ್ರಾಸು ಬದಲಿಸುವುದು, ಚಕ್ರದ ಬೇರಿಂಗು ಬಿಗಿ ಮಾಡುವುದು, ಆಯಿಲ್, ಸೀಲು, ಯು ಬೋಲ್ಟು ಇಷ್ಟನ್ನು ಕೈ ಪಳಗಿದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಕ್ರೌನ್ ಪಿನಿಯನ್ ಮಾತ್ರ ಅಂಗಳದ ಕೆಲಸವಲ್ಲ. ಅದರ ಪ್ಲೇಯನ್ನು ಕಾಗದದಂಥ ತೆಳು ಶಿಮ್ಮುಗಳಿಟ್ಟು, ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಎಲ್ಲಿ ಬಿತ್ತು ಎಂದು ನೋಡಿ ಹೊಂದಿಸಬೇಕು. ಅಂದಾಜಿಗೆ ಕೂರಿಸಿದ ಹೊಸ ಕ್ರೌನು ಸವೆದ ಹಳೆಯದಕ್ಕಿಂತ ಜೋರಾಗಿ ಕೂಗುತ್ತದೆ.

ಗ್ಯಾರೇಜಿನಲ್ಲಿ 'ಅಡಿಯಿಂದ ಏನೋ ಸದ್ದು' ಎಂದಷ್ಟೇ ಹೇಳಿ ಕೀ ಕೊಟ್ಟರೆ ಎಲ್ಲವನ್ನೂ ಬಿಚ್ಚಲು ಒಪ್ಪಿಗೆ ಕೊಟ್ಟ ಹಾಗೆ. 'ಹಬ್ಬು ಫ್ರೀ ಇದ್ದಾಗ ಇಲ್ಲ, ಲಾಕ್ ಮಾಡಿದರೆ ಬರುತ್ತೆ, 40ರಲ್ಲಿ ಶುರು, ಫೋರ್ ವೀಲಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಜೋರು' ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಒಳ್ಳೆಯ ಮೆಕ್ಯಾನಿಕ್ ನೇರವಾಗಿ ಮುಂದಿನ ಪಿನಿಯನ್ನಿಗೆ ಕೈ ಹಾಕುತ್ತಾನೆ. ಚೀಟಿ ನೋಡಿ ನಗುವವನಾದರೆ ಬೇರೆ ಗ್ಯಾರೇಜು ನೋಡಿಕೊಳ್ಳಿ.

ತೆಗೆದ ಸಾಮಾನನ್ನು ವಾಪಸ್ ಕೇಳಿ. ಬೇರಿಂಗಿನ ಹೊರಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ, ನಿಜವಾಗಿಯೂ ಹೋಗಿದ್ದರೆ ಒಳಮೈಯಲ್ಲಿ ಸಣ್ಣ ಗುಳಿಗಳು ಕಾಣುತ್ತವೆ. ಕನ್ನಡಿಯಂತೆ ಹೊಳೆದರೆ ಬಿಲ್ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಬಹುದು. ಕ್ರೌನ್ ಪಿನಿಯನ್ ಹೊಸದು ಹಾಕಿಸುವುದಾದರೆ ಎರಡನ್ನೂ ಒಟ್ಟಿಗೇ ಹಾಕಿಸಿ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಗೆ ಒಂದೇ ನಂಬರ್ ಕೊರೆದಿರುತ್ತಾರೆ. ಡಬ್ಬ ಒಡೆದಾಗ ಪಿನಿಯನ್ನಿನ ತಲೆಯ ಮೇಲಿನ ನಂಬರೂ ಕ್ರೌನಿನ ಅಂಚಿನ ನಂಬರೂ ತಾಳೆಯಾಗುತ್ತವೆಯೇ ಎಂದು, ಹೌಸಿಂಗ್ ಮುಚ್ಚುವ ಮುನ್ನ ನೀವೇ ಬಗ್ಗಿ ನೋಡಿಕೊಳ್ಳಿ.